ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಕಾಲೇಜು ದರ್ಶನ

ಶಾಲೆಯ ಪ್ರವಾಸವೆಂದೊಡನೆ ಮುಂಬಯಿಯ ಮಕ್ಕಳ ಕಣ್ಣ ಮುಂದೆ ಬರುವ ಸ್ಥಳಗಳು ಬಹುಮಟ್ಟಿಗೆ ಗೊತ್ತಿರುವವೇ. ಘಾರಾಪುರಿಯ ಗುಹೆಗಳು, ವರಳಿಯ ನೆಹರೂ ವಿಜ್ಞಾನ ಕೇಂದ್ರ, ಭಾಯಖಳದ ರಾಣಿಬಾಗ್, ಕೈಯಲ್ಲಿ ಸ್ವಲ್ಪ ಹಣವಿದ್ದರೆ ಲೋಣಾವಳ ಇಲ್ಲವೆ ಮಹಾಬಲೇಶ್ವರ. ‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ನಾಣ್ಣುಡಿಯನ್ನು ಈ ಪ್ರವಾಸಗಳು ತಕ್ಕಮಟ್ಟಿಗೆ ಸಾರ್ಥಕಗೊಳಿಸುತ್ತವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಮಕ್ಕಳು ಇನ್ನೆರಡು ಮೂರು ವರ್ಷಗಳಲ್ಲಿ ಕಾಲಿಡಬೇಕಾಗಿರುವ ಸ್ಥಳವೊಂದಿದೆ. ಹೋಗಿ ಬರುವ ದಾರಿಯಲ್ಲಿ ಅದರ ಗೋಡೆಯನ್ನು ಕಂಡವರು ಬಹಳ. ಒಳಗೆ ಹೋಗಿ ನೋಡಿದವರು ವಿರಳ. ಅದು ಕಾಲೇಜಿನ ಆವರಣ. ಪ್ರೌಢಶಾಲೆಯ ಹೆಣ್ಣುಮಕ್ಕಳನ್ನು ಗುಂಪಾಗಿ ಕರೆದೊಯ್ದು ಕಾಲೇಜುಗಳನ್ನು ತೋರಿಸಿ ತರುವ ಕಾರ್ಯ ನಮ್ಮ ಸಂಘಸಂಸ್ಥೆಗಳಿಗೆ ಏಕೆ ಅಗತ್ಯ, ಅದನ್ನು ನಡೆಸುವ ಕ್ರಮವೇನು, ಆರೋಗ್ಯದ ದೃಷ್ಟಿಯಿಂದ ವಹಿಸಬೇಕಾದ ಎಚ್ಚರಗಳಾವುವು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾಣದ್ದನ್ನು ಬಯಸುವುದೆಂತು?

ಹತ್ತನೆಯ ತರಗತಿಯ ಫಲಿತಾಂಶ ಬಂದ ಸಂಜೆ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಮಾತು ನಡೆಯುತ್ತದೆ. ಮಗಳಿಗೆ ಒಳ್ಳೆಯ ಅಂಕಗಳು ಬಂದಿರುತ್ತವೆ. ನೆರೆಹೊರೆಯವರಿಗೆ ಪೇಡೆ ಹಂಚಿದ್ದಾಗಿರುತ್ತದೆ. ಮುಂದೇನು ಎಂಬ ಪ್ರಶ್ನೆ ಬಂದಾಗ ತಂದೆ, “ಹತ್ತಿರದ ಕಾಲೇಜಿನಲ್ಲಿ ಕಾಮರ್ಸ್ ಸೇರಲಿ, ಹೋಗಿ ಬರುವುದಕ್ಕೆ ಅನುಕೂಲ” ಎನ್ನುತ್ತಾರೆ. ತಾಯಿ ತಲೆದೂಗುತ್ತಾರೆ. ಮಗಳನ್ನು ಕೇಳಿದರೆ, “ನೀವು ಹೇಳಿದ ಹಾಗೆ” ಎನ್ನುತ್ತಾಳೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ವಾಣಿಜ್ಯ ಶಾಸ್ತ್ರ ಕೀಳೆಂದೂ ಅಲ್ಲ. ಅದನ್ನು ಇಷ್ಟಪಟ್ಟು ಓದಿ ಮೇಲೆ ಬಂದ ಹೆಣ್ಣುಮಕ್ಕಳು ಅಸಂಖ್ಯ. ಆದರೆ ಇಲ್ಲಿ ನಡೆದದ್ದು ಆಯ್ಕೆಯಲ್ಲ. ಆಯ್ಕೆ ಮಾಡಬೇಕಾದರೆ ಕನಿಷ್ಠ ಎರಡು ವಸ್ತುಗಳಾದರೂ ಕಣ್ಣಿಗೆ ಬಿದ್ದಿರಬೇಕಷ್ಟೆ.

ಹೊಟ್ಟೆಪಾಡಿಗಾಗಿ ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿಯುತ್ತ, ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ತಲೆಮಾರೊಂದು ಮುಂಬಯಿಯಲ್ಲಿತ್ತು. ವಿಜಯಪುರ, ಕಲಬುರಗಿಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳು ಇಂದಿಗೂ ಇವೆ. ಇಂಥ ಮನೆಗಳ ಹುಡುಗಿಯರಿಗೆ ‘ಕಾಲೇಜು’ ಎಂಬುದು ಒಂದು ಪದ; ಅದಕ್ಕೊಂದು ರೂಪವಿಲ್ಲ, ವಾಸನೆಯಿಲ್ಲ, ಸದ್ದಿಲ್ಲ. ವೈದ್ಯಕೀಯ ಓದುವವರು ಎಲ್ಲಿ ಕುಳಿತುಕೊಳ್ಳುತ್ತಾರೆ, ಎಂಜಿನಿಯರಿಂಗ್ ಕಲಿಯುವ ಹುಡುಗಿ ಯಂತ್ರದ ಮುಂದೆ ನಿಂತು ಏನು ಮಾಡುತ್ತಾಳೆ, ಅಲ್ಲಿ ತನ್ನಂಥವಳು ಒಬ್ಬಳಾದರೂ ಇದ್ದಾಳೆಯೆ ಎಂಬುದನ್ನು ಆಕೆಗೆ ಹೇಳುವವರು ಮನೆಯಲ್ಲಿ ಯಾರೂ ಇಲ್ಲ.

ದೇಶದ ಅಂಕಿ ಅಂಶಗಳೂ ಇದನ್ನೇ ಸೂಚಿಸುತ್ತವೆ. ೨೦೨೧-೨೨ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಉನ್ನತ ವ್ಯಾಸಂಗದಲ್ಲಿದ್ದ ೪.೩೩ ಕೋಟಿ ವಿದ್ಯಾರ್ಥಿಗಳಲ್ಲಿ ೨.೦೭ ಕೋಟಿ ಹೆಣ್ಣುಮಕ್ಕಳು. ಎಂದರೆ ಹೆಚ್ಚುಕಡಿಮೆ ಅರ್ಧ. ವಿಜ್ಞಾನದ ಪದವಿ ತರಗತಿಗಳಲ್ಲಂತೂ ಅವರ ಪಾಲು ಅರ್ಧಕ್ಕಿಂತ ತುಸು ಹೆಚ್ಚೇ. ಆದರೆ ಎಂಜಿನಿಯರಿಂಗ್ ಪದವಿಯಲ್ಲಿ ಅದು ನೂರಕ್ಕೆ ಮೂವತ್ತರ ಆಸುಪಾಸಿಗೆ ಇಳಿಯುತ್ತದೆ. ಹುಡುಗಿಯರು ಕಾಲೇಜಿಗೆ ಬರುತ್ತಿದ್ದಾರೆ. ಎಲ್ಲ ಬಾಗಿಲುಗಳಿಗೂ ಸಮನಾಗಿ ಬರುತ್ತಿಲ್ಲ.

ಮನೆಯಲ್ಲೊಬ್ಬರು ಒಳಗಿನವರಿದ್ದರೆ

ಹಿಂದಿನವರ ಎರಡು ಉದಾಹರಣೆಗಳು ಈ ವಿಷಯವನ್ನು ಚೆನ್ನಾಗಿ ತಿಳಿಸುತ್ತವೆ.

ಕಮಲಾ ಭಾಗವತ್ ಎಂಬ ತರುಣಿ ೧೯೩೩ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ಅಂದು ಸಂಸ್ಥೆಯ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ. ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಅವರು ಪ್ರವೇಶ ನಿರಾಕರಿಸಿದರು. ಕಮಲಾ ಹಿಂಜರಿಯದೆ ಬೆಂಗಳೂರಿಗೆ ಹೋಗಿ ಪಟ್ಟು ಹಿಡಿದರು. ಕಡೆಗೆ ಒಂದು ವರ್ಷದ ಪರೀಕ್ಷಾರ್ಥ ಅವಧಿಯ ಷರತ್ತಿನ ಮೇಲೆ ಪ್ರವೇಶ ದೊರೆಯಿತು. ಅವರ ಕೆಲಸವನ್ನು ಕಂಡ ಮೇಲೆ ರಾಮನ್ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು; ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. ಕಮಲಾ ಸೋಹೋನಿ ಎಂದು ಪ್ರಸಿದ್ಧರಾದ ಅವರು ೧೯೩೯ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ತಾಳೆಮರದ ನೀರಾದ ಪೌಷ್ಟಿಕ ಗುಣಗಳನ್ನು ಶೋಧಿಸಿದರು. ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆದರು.

ಮದರಾಸಿನ ಎ. ಲಲಿತಾ ಅವರದು ಇನ್ನೊಂದು ಕಥೆ. ಹದಿನೆಂಟರ ಹರೆಯದಲ್ಲಿ ವಿಧವೆಯಾದಾಗ ಅವರ ಮಡಿಲಲ್ಲಿ ಕೆಲವೇ ತಿಂಗಳ ಹೆಣ್ಣುಮಗುವಿತ್ತು. ಅವರು ಗಿಂಡಿಯ ಎಂಜಿನಿಯರಿಂಗ್ ಕಾಲೇಜು ಸೇರಿ, ೧೯೪೦ರ ದಶಕದ ಮೊದಲ ಭಾಗದಲ್ಲಿ ವಿದ್ಯುತ್ ಎಂಜಿನಿಯರಾಗಿ ಹೊರಬಂದರು. ನಮ್ಮ ದೇಶದ ಮೊದಮೊದಲ ಮಹಿಳಾ ಎಂಜಿನಿಯರುಗಳ ಸಾಲಿನಲ್ಲಿ ಅವರ ಹೆಸರಿದೆ.

ಇಬ್ಬರ ಧೈರ್ಯವೂ ಅಸಾಧಾರಣವಾದುದು. ಆದರೆ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕಮಲಾ ಅವರ ತಂದೆ ಹಾಗೂ ಚಿಕ್ಕಪ್ಪ ಇಬ್ಬರೂ ರಸಾಯನ ವಿಜ್ಞಾನಿಗಳು. ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಓದಿದವರು. ಲಲಿತಾ ಅವರ ತಂದೆ ಗಿಂಡಿಯ ಅದೇ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಗೋಡೆಯ ಒಳಗೇನಿದೆ ಎಂಬುದು ಈ ಇಬ್ಬರು ಹುಡುಗಿಯರಿಗೂ ಮನೆಯ ಊಟದ ಹೊತ್ತಿನ ಮಾತಿನಲ್ಲಿಯೇ ತಿಳಿದಿತ್ತು. ಬಾಗಿಲು ಮುಚ್ಚಿದ್ದಾಗಲೂ ಅದನ್ನು ತಟ್ಟುವ ಧೈರ್ಯ ಬಂದದ್ದು ಆ ಪರಿಚಯದಿಂದ ಎಂದರೆ ತಪ್ಪಾಗದು. ಇಂದು ಬಾಗಿಲುಗಳು ತೆರೆದಿವೆ; ಆದರೆ ಹೋಟೆಲು ಕಾರ್ಮಿಕನ ಮಗಳಿಗೆ, ಗಾರೆ ಕೆಲಸದವಳ ಮಗಳಿಗೆ ಆ ಪರಿಚಯ ಮಾಡಿಕೊಡುವವರು ಯಾರು? ಕಾಲೇಜು ದರ್ಶನದ ಉದ್ದೇಶ ಇದೊಂದೇ: ಕೆಲವರಿಗೆ ಮನೆಯಲ್ಲಿಯೇ ದೊರೆತದ್ದನ್ನು ಉಳಿದವರಿಗೆ ಸಮಾಜ ದೊರಕಿಸಿಕೊಡುವುದು.

ಯಾವಾಗ, ಎಷ್ಟು ಮಂದಿ?

ಈ ಪ್ರವಾಸಕ್ಕೆ ಒಂಬತ್ತನೆಯ ತರಗತಿ ಅತ್ಯಂತ ತಕ್ಕುದು. ಹತ್ತನೆಯ ತರಗತಿಯಲ್ಲಿ ಪರೀಕ್ಷೆಯ ಒತ್ತಡವಿರುತ್ತದೆ. ಅದು ಮುಗಿದ ಮೇಲೆ ಕರೆದೊಯ್ದರೆ ಹನ್ನೊಂದನೆಯ ತರಗತಿಯ ವಿಷಯಗಳನ್ನು ಆರಿಸುವ ಹೊತ್ತಿಗೆ ವಿಚಾರ ಮಾಡಲು ಕಾಲ ಉಳಿಯುವುದಿಲ್ಲ. ಈ ಆಯ್ಕೆ ಎಷ್ಟು ಮಹತ್ವದ್ದೆಂಬುದನ್ನು ಅನೇಕ ಪೋಷಕರು ಅರಿತಿರುವುದಿಲ್ಲ. ಗಣಿತವನ್ನು ಬಿಟ್ಟ ವಿದ್ಯಾರ್ಥಿನಿಗೆ ಎಂಜಿನಿಯರಿಂಗ್ ಹಾಗೂ ವಾಸ್ತುಶಿಲ್ಪದ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಜೀವಶಾಸ್ತ್ರವನ್ನು ಬಿಟ್ಟವಳಿಗೆ ವೈದ್ಯಕೀಯದ ದಾರಿ ಕಠಿಣವಾಗುತ್ತದೆ. ಹದಿನೈದರ ಹುಡುಗಿ ಒಂದು ಮಧ್ಯಾಹ್ನದಲ್ಲಿ ತುಂಬುವ ಅರ್ಜಿಯ ಮೇಲೆ ಮುಂದಿನ ಎಷ್ಟೋ ವರ್ಷಗಳು ನಿಂತಿರುತ್ತವೆ.

ತಿಂಗಳುಗಳಲ್ಲಿ ಜನವರಿ ಒಳ್ಳೆಯದು. ಮಳೆಯಿರುವುದಿಲ್ಲ, ಬಿಸಿಲು ಹಿತವಾಗಿರುತ್ತದೆ, ಕಾಲೇಜುಗಳಲ್ಲಿ ಪಾಠಗಳು ನಡೆಯುತ್ತಿರುತ್ತವೆ. ರಜಾದಿನ ಮತ್ತು ಕಾಲೇಜು ಉತ್ಸವದ ದಿನಗಳನ್ನು ಬಿಡಬೇಕು. ಖಾಲಿ ಕಟ್ಟಡವನ್ನು ನೋಡಿದರೆ ಪ್ರಯೋಜನವಿಲ್ಲ; ಹಾಡು ಕುಣಿತಗಳ ದಿನ ನೋಡಿದರೆ ತಪ್ಪು ಕಲ್ಪನೆ ಮೂಡುತ್ತದೆ. ಸಾಮಾನ್ಯವಾದ ಒಂದು ಕೆಲಸದ ದಿನವೇ ಸರಿಯಾದ ದಿನ.

ಒಂದು ತಂಡದಲ್ಲಿ ಮೂವತ್ತಕ್ಕಿಂತ ಹೆಚ್ಚು ಹುಡುಗಿಯರು ಬೇಡ. ಪ್ರತಿ ಹತ್ತು ಮಂದಿಗೆ ಒಬ್ಬ ಮಹಿಳೆ ಜವಾಬ್ದಾರಿ ವಹಿಸಬೇಕು. ಎರಡು ತಿಂಗಳು ಮುಂಚಿತವಾಗಿ ಪ್ರಾಂಶುಪಾಲರಿಗೆ ಪತ್ರ ಬರೆದು ಲಿಖಿತ ಅನುಮತಿ ಪಡೆಯಬೇಕು. ಪತ್ರದಲ್ಲಿ, ಕಟ್ಟಡ ತೋರಿಸಿ ಎಂದಷ್ಟೇ ಕೇಳದೆ, ಅಲ್ಲಿ ಓದುತ್ತಿರುವ ನಾಲ್ಕೈದು ವಿದ್ಯಾರ್ಥಿನಿಯರೊಡನೆ ಒಂದು ಗಂಟೆ ಮಾತನಾಡಲು ಅವಕಾಶ ಬೇಕೆಂದು ಸ್ಪಷ್ಟವಾಗಿ ಕೋರಬೇಕು. ಇಡೀ ಪ್ರವಾಸದ ತಿರುಳು ಆ ಒಂದು ಗಂಟೆಯಲ್ಲಿದೆ. ಮುನಿಸಿಪಲ್ ಶಾಲೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಮಾಧ್ಯಮವಾಗಿ ಓದಿ ಬಂದ ವಿದ್ಯಾರ್ಥಿನಿ ಅವರಲ್ಲಿ ಒಬ್ಬಳಿದ್ದರೆ, ಇಂಗ್ಲಿಷಿನ ಭಯವನ್ನು ಆಕೆ ಹತ್ತು ಮಾತಿನಲ್ಲಿ ಹೋಗಲಾಡಿಸಬಲ್ಲಳು. ಬೇರೆಯವರು ನೂರು ಉಪನ್ಯಾಸ ಕೊಟ್ಟರೂ ಆ ಕೆಲಸವಾಗದು.

ಎರಡು ದಿನಗಳ ಒಂದು ಮಾದರಿ

ಒಂದೇ ದಿನದಲ್ಲಿ ಐದಾರು ಕಾಲೇಜುಗಳನ್ನು ಸುತ್ತಿಸುವುದು ಸಲ್ಲದು. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಸಾಕು. ಮುಂಬಯಿಯ ಮಟ್ಟಿಗೆ ಎರಡು ದಿನಗಳ ಮಾದರಿಯೊಂದನ್ನು ಹೀಗೆ ರೂಪಿಸಬಹುದು.

ಮೊದಲ ದಿನ ಮಾಟುಂಗಾದಿಂದ ಆರಂಭಿಸುವುದು ಅನುಕೂಲ. ಮೈಸೂರು ಅಸೋಸಿಯೇಷನ್ ಇರುವ ಈ ಪ್ರದೇಶ ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಇಲ್ಲಿ ಎರಡು ಹೆಸರಾಂತ ಸಂಸ್ಥೆಗಳು ಹತ್ತಿರ ಹತ್ತಿರದಲ್ಲಿವೆ. ಒಂದು, ೧೮೮೭ರಲ್ಲಿ ಸ್ಥಾಪನೆಯಾದ ತಾಂತ್ರಿಕ ಸಂಸ್ಥೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ನೆನಪಿಗೆ ಆಕೆಯ ಹೆಸರನ್ನು ಹೊತ್ತಿದ್ದ ಅದು ೧೯೯೭ರಲ್ಲಿ ಶಿವಾಜಿ ಮಹಾರಾಜರ ತಾಯಿಯ ಹೆಸರಿನಲ್ಲಿ ವೀರಮಾತಾ ಜೀಜಾಬಾಯಿ ತಾಂತ್ರಿಕ ಸಂಸ್ಥೆಯಾಯಿತು. ಇನ್ನೊಂದು, ೧೯೩೩ರಲ್ಲಿ ವಿಶ್ವವಿದ್ಯಾಲಯದ ವಿಭಾಗವಾಗಿ ಹುಟ್ಟಿದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ. ಔಷಧಿ, ಬಣ್ಣ, ನೂಲು, ಆಹಾರ ಪದಾರ್ಥ ಎಲ್ಲದರ ಹಿಂದೆಯೂ ರಸಾಯನ ವಿಜ್ಞಾನವಿದೆ ಎಂಬುದು ಇಲ್ಲಿ ಕಣ್ಣಾರೆ ಕಾಣುತ್ತದೆ. ಮಧ್ಯಾಹ್ನ ಪರೇಲಿನ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜನ್ನು ನೋಡಬಹುದು. ಕೆ. ಇ. ಎಂ. ಆಸ್ಪತ್ರೆಗೆ ಸೇರಿಕೊಂಡಿರುವ ಇದು ೧೯೨೬ರದು. ಕಾಲೇಜಿನ ಭಾಗಕ್ಕಷ್ಟೇ ಹೋಗಬೇಕು. ರೋಗಿಗಳಿರುವ ವಾರ್ಡುಗಳಿಗೆ ಮಕ್ಕಳ ಗುಂಪನ್ನು ಒಯ್ಯುವುದು ರೋಗಿಗಳಿಗೂ ಮಕ್ಕಳಿಗೂ ಹಿತವಲ್ಲ.

ಎರಡನೆಯ ದಿನ ಫೋರ್ಟ್ ಮತ್ತು ಚರ್ಚ್‌ಗೇಟ್. ೧೮೫೭ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದ ಹಳೆಯ ಆವರಣದಲ್ಲಿ ೨೮೦ ಅಡಿ ಎತ್ತರದ ರಾಜಾಬಾಯಿ ಗೋಪುರ ನಿಂತಿದೆ. ಹತ್ತಿ ವ್ಯಾಪಾರಿ ಪ್ರೇಮಚಂದ ರಾಯಚಂದರು ತಮ್ಮ ತಾಯಿಯ ಹೆಸರಿನಲ್ಲಿ ಕೊಟ್ಟ ದತ್ತಿಯಿಂದ ಇದು ೧೮೭೮ರಲ್ಲಿ ಪೂರ್ಣವಾಯಿತು. ಕಣ್ಣು ಕಾಣದ ಆ ತಾಯಿಗೆ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಜೈನ ನಿಯಮವನ್ನು ಪಾಲಿಸಲು ಗೋಪುರದ ಗಂಟೆ ನೆರವಾಗುತ್ತಿತ್ತೆಂಬ ಪ್ರತೀತಿಯಿದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿಯೇ, ಕಮಲಾ ಸೋಹೋನಿ ಅವರು ನಿರ್ದೇಶಕರಾಗಿದ್ದ ವಿಜ್ಞಾನ ಸಂಸ್ಥೆಯಿದೆ. ಅವರ ಕಥೆಯನ್ನು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ.

ಕಡೆಯದಾಗಿ ಶ್ರೀಮತಿ ನಾಥಿಬಾಯಿ ದಾಮೋದರ ಠಾಕರ್ಸಿ ಮಹಿಳಾ ವಿಶ್ವವಿದ್ಯಾಲಯ. ಮಹರ್ಷಿ ಧೋಂಡೊ ಕೇಶವ ಕರ್ವೆಯವರು ೧೯೧೬ರಲ್ಲಿ ಪುಣೆಯಲ್ಲಿ ಆರಂಭಿಸಿದ, ಭಾರತದ ಮೊಟ್ಟಮೊದಲ ಮಹಿಳಾ ವಿಶ್ವವಿದ್ಯಾಲಯವಿದು. ಗಿರಣಿ ಮಾಲೀಕ ಸರ್ ವಿಠ್ಠಲದಾಸ ಠಾಕರ್ಸಿಯವರು ೧೯೨೦ರಲ್ಲಿ ಹದಿನೈದು ಲಕ್ಷ ರೂಪಾಯಿಗಳ ದೊಡ್ಡ ದಾನ ನೀಡಿದರು. ಅವರ ತಾಯಿಯ ಹೆಸರನ್ನೇ ವಿಶ್ವವಿದ್ಯಾಲಯಕ್ಕೆ ಇಡಲಾಯಿತು. ೧೯೩೬ರಲ್ಲಿ ಅದರ ಮುಖ್ಯ ಕಚೇರಿ ಮುಂಬಯಿಗೆ ಬಂದಿತು. ೧೯೫೧ರಲ್ಲಿ ಶಾಸನಬದ್ಧ ಮಾನ್ಯತೆ ದೊರೆಯಿತು. ಚರ್ಚ್‌ಗೇಟಿನ ಆವರಣದಲ್ಲಿ ಶುಶ್ರೂಷಾ ಕಾಲೇಜಿದೆ. ಜುಹೂ ಆವರಣದಲ್ಲಿ ಹತ್ತನೆಯ ತರಗತಿಯ ನಂತರ ಸೇರಬಹುದಾದ ಪಾಲಿಟೆಕ್ನಿಕ್ಕೂ, ಹೆಣ್ಣುಮಕ್ಕಳದೇ ಆದ ಎಂಜಿನಿಯರಿಂಗ್ ಕಾಲೇಜೂ ಇವೆ. ಗಂಡುಮಕ್ಕಳೊಡನೆ ಓದಿಸಲು ಹಿಂಜರಿಯುವ ಮನೆಗಳಿಗೆ ಇದನ್ನು ತೋರಿಸಿದರೆ ಅರ್ಧ ವಾದ ಅಲ್ಲಿಗೆ ಮುಗಿಯುತ್ತದೆ.

ಮೂರನೆಯ ದಿನವೊಂದು ಸಾಧ್ಯವಾದರೆ ಪವಾಯಿಯ ಐ. ಐ. ಟಿ.ಯನ್ನು ಸೇರಿಸಿಕೊಳ್ಳಬೇಕು. ೧೯೫೮ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ನಮ್ಮ ಹುಡುಗಿಯರಿಗೆ ಎಟುಕದ್ದೆಂಬ ಭಾವನೆ ಬಲವಾಗಿದೆ. ದೇಶದ ಐ. ಐ. ಟಿ.ಗಳಲ್ಲಿ ಹೆಣ್ಣುಮಕ್ಕಳ ಪ್ರಮಾಣ ನೂರಕ್ಕೆ ಹತ್ತಕ್ಕೂ ಕಡಿಮೆಯಿದ್ದುದನ್ನು ಕಂಡು, ಇರುವ ಸೀಟುಗಳನ್ನು ಕಡಿಮೆ ಮಾಡದೆ, ೨೦೧೮ರಿಂದ ಅವರಿಗಾಗಿ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಲಾಯಿತು. ೨೦೨೦ರ ಹೊತ್ತಿಗೆ ಅವರ ಪಾಲನ್ನು ನೂರಕ್ಕೆ ಇಪ್ಪತ್ತಕ್ಕೆ ಏರಿಸುವ ಗುರಿಯಿಡಲಾಗಿತ್ತು. ಈ ಸಂಗತಿ ಕನ್ನಡ ಶಾಲೆಯ ಎಷ್ಟು ಹುಡುಗಿಯರ ಕಿವಿಗೆ ಬಿದ್ದಿದೆ?

ಬೇರೆ ನಗರಗಳ ಕನ್ನಡಿಗರೂ ತಮ್ಮ ತಮ್ಮಲ್ಲಿ ಇಂಥ ಮಾದರಿಯನ್ನು ರೂಪಿಸಿಕೊಳ್ಳಬಹುದು. ಪುಣೆಯಲ್ಲಿ ೧೮೫೪ರಷ್ಟು ಹಳೆಯದಾದ ಎಂಜಿನಿಯರಿಂಗ್ ಸಂಸ್ಥೆ, ೧೮೮೫ರ ಫರ್ಗ್ಯುಸನ್ ಕಾಲೇಜು, ೧೯೪೮ರ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಇವೆ. ಅಲ್ಲಿಗೆ ಸಮೀಪದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ೨೦೨೨ರಲ್ಲಿ ಮೊದಲ ಬಾರಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತು. ಚೆನ್ನೈಯಲ್ಲಿ ಲಲಿತಾ ಓದಿದ ಗಿಂಡಿಯ ಕಾಲೇಜಿದೆ. ಕಡಲ ತಡಿಯಲ್ಲಿ ೧೯೧೪ರ ಕ್ವೀನ್ ಮೇರೀಸ್ ಕಾಲೇಜಿದೆ. ದೆಹಲಿಯಲ್ಲಿ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜು ೧೯೧೬ರಿಂದ, ಮಿರಾಂಡಾ ಹೌಸ್ ೧೯೪೮ರಿಂದ ಹೆಣ್ಣುಮಕ್ಕಳಿಗಾಗಿಯೇ ನಡೆದುಕೊಂಡು ಬಂದಿವೆ. ಹೈದರಾಬಾದಿನಲ್ಲಿ ಕೋಠಿಯ ಮಹಿಳಾ ಕಾಲೇಜು ಈಗ ವಿಶ್ವವಿದ್ಯಾಲಯವಾಗಿ ಬೆಳೆದಿದೆ.

ಏನನ್ನು ನೋಡಬೇಕು, ಏನನ್ನು ಕೇಳಬೇಕು?

ಹೆಬ್ಬಾಗಿಲಿನ ಮುಂದೆ ಭಾವಚಿತ್ರ ತೆಗೆಸಿಕೊಳ್ಳುವುದರಲ್ಲಿ ಸಮಯ ಕಳೆಯಬಾರದು. ಒಂದು ಪಾಠದ ಕೊಠಡಿಯಲ್ಲಿ ಹಿಂದಿನ ಬೆಂಚಿನ ಮೇಲೆ ಹತ್ತು ನಿಮಿಷ ಕುಳಿತುಕೊಳ್ಳಲು ಅವಕಾಶ ದೊರೆತರೆ ಅದು ದೊಡ್ಡ ಲಾಭ. ಪ್ರಯೋಗಶಾಲೆ, ಗ್ರಂಥಾಲಯ, ಕ್ಯಾಂಟೀನು, ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿ, ಹಾಸ್ಟೆಲು ಇವೆಲ್ಲವನ್ನೂ ನೋಡಬೇಕು. ಶೌಚಾಲಯವನ್ನು ಮರೆಯದೆ ನೋಡಬೇಕು. ಆರೇಳು ಗಂಟೆಗಳ ಕಾಲ ಇರಬೇಕಾದ ಸ್ಥಳದಲ್ಲಿ ಅದು ಶುಚಿಯಾಗಿದೆಯೆ, ನೀರಿದೆಯೆ, ಬಾಗಿಲಿಗೆ ಚಿಲಕವಿದೆಯೆ ಎಂಬುದು ಹುಡುಗಿಯೊಬ್ಬಳು ಓದು ಮುಂದುವರಿಸುವುದಕ್ಕೂ ಬಿಡುವುದಕ್ಕೂ ಕಾರಣವಾಗಬಲ್ಲ ಪ್ರಶ್ನೆ.

ಪ್ರತಿಯೊಬ್ಬಳ ಕೈಯಲ್ಲೂ ಒಂದು ಚಿಕ್ಕ ಪುಸ್ತಕವಿರಲಿ. ಹೊರಡುವ ಹಿಂದಿನ ದಿನವೇ ಪ್ರಶ್ನೆಗಳನ್ನು ಬರೆದುಕೊಂಡಿರಲಿ. ಪ್ರವೇಶಕ್ಕೆ ಯಾವ ಪರೀಕ್ಷೆ ಬರೆಯಬೇಕು? ಹನ್ನೊಂದನೆಯ ತರಗತಿಯಲ್ಲಿ ಯಾವ ವಿಷಯಗಳಿರಬೇಕು? ವರ್ಷಕ್ಕೆ ಒಟ್ಟು ಖರ್ಚೆಷ್ಟು, ಪುಸ್ತಕ ಮತ್ತು ಊಟ ಸೇರಿ? ಮನೆಯಿಂದ ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ಹಿಂದಿರುಗುವುದು? ಹಾಸ್ಟೆಲಿನಲ್ಲಿ ಸ್ಥಳ ಸಿಗುವ ಸಂಭವವೆಷ್ಟು? ತೊಂದರೆಯಾದರೆ ಯಾರಲ್ಲಿ ದೂರಬೇಕು? ಈ ಕಡೆಯ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು. ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸಲು ಪ್ರತಿಯೊಂದು ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೧೫ರ ನಿಯಮಾವಳಿ ಹೇಳುತ್ತದೆ. ಸಮಿತಿಯ ಸದಸ್ಯರ ಹೆಸರುಗಳನ್ನು ಎಲ್ಲಿ ಪ್ರಕಟಿಸಿದ್ದಾರೆಂದು ಕೇಳಿ ನೋಡುವುದು ತಪ್ಪಲ್ಲ.

ಹಣದ ಪ್ರಶ್ನೆ ಬಂದಾಗ ಹೆಚ್ಚಿನ ಪೋಷಕರು ಅಲ್ಲಿಗೇ ಮಾತು ನಿಲ್ಲಿಸುತ್ತಾರೆ. ಅವರಿಗೆ ತಿಳಿದಿರಬೇಕಾದ ಎರಡು ವಿಷಯಗಳಿವೆ. ವಾರ್ಷಿಕ ವರಮಾನ ಎಂಟು ಲಕ್ಷ ರೂಪಾಯಿಗಳನ್ನು ಮೀರದ, ಆರ್ಥಿಕವಾಗಿ ದುರ್ಬಲ ವರ್ಗ, ಸಾಮಾಜಿಕ ಹಾಗೂ ಶೈಕ್ಷಣಿಕವಾಗಿ ಹಿಂದುಳಿದ ವರ್ಗ ಮತ್ತು ಇತರ ಹಿಂದುಳಿದ ವರ್ಗಗಳ ಕುಟುಂಬಗಳ ಹೆಣ್ಣುಮಕ್ಕಳಿಗೆ ವೃತ್ತಿಶಿಕ್ಷಣದ ಬೋಧನಾ ಶುಲ್ಕ ಹಾಗೂ ಪರೀಕ್ಷಾ ಶುಲ್ಕಗಳಲ್ಲಿ ಪೂರ್ಣ ವಿನಾಯಿತಿಯನ್ನು ಮಹಾರಾಷ್ಟ್ರ ಸರಕಾರ ೨೦೨೪ರಲ್ಲಿ ಘೋಷಿಸಿತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ‘ಪ್ರಗತಿ’ ಯೋಜನೆಯಲ್ಲಿ, ಇದೇ ವರಮಾನದ ಮಿತಿಯೊಳಗೆ ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ, ತಾಂತ್ರಿಕ ಡಿಪ್ಲೊಮಾ ಅಥವಾ ಪದವಿ ಓದುವವರಿಗೆ ವರ್ಷಕ್ಕೆ ೫೦,೦೦೦ ರೂಪಾಯಿಗಳ ವಿದ್ಯಾರ್ಥಿವೇತನವಿದೆ. ನಿವಾಸ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ವರಮಾನದ ದಾಖಲೆ ಇವುಗಳಿಗೆ ಸಂಬಂಧಿಸಿದ ನಿಯಮಗಳನ್ನು ಕಾಲೇಜಿನ ಕಚೇರಿಯಲ್ಲಿಯೇ ವಿಚಾರಿಸಿ ಬರೆದುಕೊಂಡು ಬರಬೇಕು. ಹೊರರಾಜ್ಯದಿಂದ ಬಂದು ನೆಲೆಸಿದ ಕುಟುಂಬಗಳಿಗೆ ಈ ಕಾಗದಪತ್ರಗಳೇ ದೊಡ್ಡ ತೊಡಕು. ಎರಡು ವರ್ಷ ಮೊದಲೇ ತಿಳಿದರೆ ಅವನ್ನು ಹೊಂದಿಸಿಕೊಳ್ಳಲು ಕಾಲವಿರುತ್ತದೆ.

ಆರೋಗ್ಯದ ಎಚ್ಚರಗಳು

ಹುಡುಗಿಯರ ಪ್ರವಾಸಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪೆಂದರೆ ನೀರು ಕುಡಿಯದಿರುವುದು. ಶೌಚಾಲಯ ಸಿಗುವುದೋ ಇಲ್ಲವೋ ಎಂಬ ಅಂಜಿಕೆಯಿಂದ ಬೆಳಗಿನಿಂದ ಸಂಜೆಯವರೆಗೆ ಬಾಯಾರಿಕೆಯನ್ನು ತಡೆದುಕೊಳ್ಳುತ್ತಾರೆ. ಇದರಿಂದ ತಲೆನೋವು, ಆಯಾಸ ಉಂಟಾಗುವುದಲ್ಲದೆ, ಮೂತ್ರವನ್ನು ಬಹಳ ಹೊತ್ತು ತಡೆಯುವುದರಿಂದ ಮೂತ್ರಕೋಶದ ಸೋಂಕಿಗೆ ಎಡೆಯಾಗುತ್ತದೆ. ಎರಡು ಮೂರು ಗಂಟೆಗಳಿಗೊಮ್ಮೆ ಎಲ್ಲಿ ಶೌಚಾಲಯಕ್ಕೆ ನಿಲ್ಲುವುದೆಂಬುದನ್ನು ಮೊದಲೇ ನಿಶ್ಚಯಿಸಿ, ಆ ವಿಷಯವನ್ನು ಹುಡುಗಿಯರಿಗೆ ಹೊರಡುವಾಗಲೇ ಹೇಳಬೇಕು. ಆಗ ಅವರು ನಿಶ್ಚಿಂತೆಯಿಂದ ನೀರು ಕುಡಿಯುತ್ತಾರೆ.

ಮುಟ್ಟಿನ ದಿನಗಳೆಂಬ ಕಾರಣಕ್ಕೆ ಯಾವ ಹುಡುಗಿಯೂ ಮನೆಯಲ್ಲಿ ಉಳಿಯುವಂತಾಗಬಾರದು. ಜೊತೆಗಿರುವ ಶಿಕ್ಷಕಿಯ ಚೀಲದಲ್ಲಿ ಸ್ಯಾನಿಟರಿ ಪ್ಯಾಡುಗಳು, ಹಳೆಯ ಪತ್ರಿಕೆ, ಒಂದೆರಡು ಜೊತೆ ಒಳ ಉಡುಪು ಇರಬೇಕು; ಇವೆ ಎಂಬುದು ಎಲ್ಲರಿಗೂ ಗೊತ್ತಿರಬೇಕು.

ಬೆಳಗಿನ ತಿಂಡಿ ತಿನ್ನದೆ ಬಂದು, ಪ್ರಯೋಗಶಾಲೆಯಲ್ಲಿ ನಿಂತಲ್ಲಿಯೇ ಕಣ್ಣು ಕತ್ತಲಿಟ್ಟು ಬೀಳುವುದೂ ಅಪರೂಪವಲ್ಲ. ಇದರ ಹಿಂದೆ ಬಹಳ ವೇಳೆ ರಕ್ತಹೀನತೆ ಅಡಗಿರುತ್ತದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೧೯ ವರ್ಷದೊಳಗಿನ ನಮ್ಮ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿಗೆ ರಕ್ತಹೀನತೆಯಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ಓದಲು ಕುಳಿತರೆ ತೂಕಡಿಕೆ, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಇದರ ಲಕ್ಷಣಗಳು. ಎಷ್ಟೋ ಮನೆಗಳಲ್ಲಿ ಇದಕ್ಕೆ ಸೋಮಾರಿತನವೆಂದು ಹೆಸರಿಡುತ್ತಾರೆ! ಪ್ರವಾಸಕ್ಕೆ ಒಂದು ತಿಂಗಳು ಮೊದಲು ಸಂಘದ ವೈದ್ಯರಿಂದ ಎಲ್ಲ ಹುಡುಗಿಯರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದರೆ ಒಂದು ಪ್ರಯತ್ನದಲ್ಲಿ ಎರಡು ಪ್ರಯೋಜನಗಳಾಗುತ್ತವೆ. ನುಗ್ಗೆಸೊಪ್ಪು, ರಾಗಿ, ಕಾಳುಗಳು, ಜೊತೆಗೆ ನಿಂಬೆ ಅಥವಾ ನೆಲ್ಲಿಕಾಯಿ ಊಟದಲ್ಲಿರಲಿ. ಊಟದ ಜೊತೆಯಲ್ಲಿಯೇ ಚಹಾ ಕುಡಿದರೆ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬೇಕು.

ಬುತ್ತಿಗೆ ಚಪಾತಿ ಪಲ್ಯ, ಶೇಂಗಾ ಚಿಕ್ಕಿ, ಬಾಳೆಹಣ್ಣು ಒಳ್ಳೆಯವು. ಬೇಗನೆ ಹಳಸುವ ಪದಾರ್ಥಗಳೂ ಬೀದಿಬದಿಯ ಕತ್ತರಿಸಿಟ್ಟ ಹಣ್ಣುಗಳೂ ಬೇಡ. ಬಸ್ಸಿನಲ್ಲಿ ವಾಂತಿಯಾಗುವವರನ್ನು ಮುಂದಿನ ಆಸನದಲ್ಲಿ ಕೂರಿಸಬೇಕು. ಲೋಕಲ್ ಗಾಡಿಯಲ್ಲಿ ಹೋಗುವುದಾದರೆ ಜನದಟ್ಟಣೆಯ ಹೊತ್ತನ್ನು ತಪ್ಪಿಸಿ, ಮಹಿಳೆಯರ ಡಬ್ಬಿಯಲ್ಲಿ ಹತ್ತಿಸಿ, ಹತ್ತುವಾಗಲೂ ಇಳಿದ ಮೇಲೂ ತಲೆ ಎಣಿಸಬೇಕು. ಆಸ್ತಮಾ, ಅಪಸ್ಮಾರ, ಮಧುಮೇಹ ಇರುವವರ ವಿವರ ಮತ್ತು ಔಷಧಿ ಒಬ್ಬ ನಿಶ್ಚಿತ ವ್ಯಕ್ತಿಯ ಬಳಿ ಇರಬೇಕು. ಆಂಬುಲೆನ್ಸಿನ ೧೦೮, ಮಕ್ಕಳ ಸಹಾಯವಾಣಿಯ ೧೦೯೮ ಈ ಎರಡು ಸಂಖ್ಯೆಗಳನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಬೇಕು.

ತಾಯಂದಿರೂ ಬರಲಿ

ಈ ಎರಡು ದಿನಗಳ ದಾರಿಯಲ್ಲಿ ಮೂವರು ತಾಯಂದಿರ ಹೆಸರುಗಳು ಎದುರಾದುದನ್ನು ಓದುಗರು ಗಮನಿಸಿರಬಹುದು. ಮಾಟುಂಗಾದಲ್ಲಿ ಜೀಜಾಬಾಯಿ, ಫೋರ್ಟಿನಲ್ಲಿ ರಾಜಾಬಾಯಿ, ಚರ್ಚ್‌ಗೇಟಿನಲ್ಲಿ ನಾಥಿಬಾಯಿ. ಹೆಸರು ಬಾಗಿಲ ಮೇಲೆ ಬಂದಿತಾದರೂ ಇವರಲ್ಲಿ ಯಾರಿಗೂ ಕಾಲೇಜಿನಲ್ಲಿ ಓದುವ ಭಾಗ್ಯ ಇರಲಿಲ್ಲ. ರಾಜಾಬಾಯಿ ಗೋಪ��ರ ಪೂರ್ಣವಾದ ವರ್ಷದಲ್ಲಿ ಆ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೆ ಪದವಿಯನ್ನೇ ಕೊಡುತ್ತಿರಲಿಲ್ಲ. ಅದು ಆರಂಭವಾದದ್ದು ೧೮೮೦ರ ದಶಕದಲ್ಲಿ.

ಇಂದಿನ ಹುಡುಗಿಯರ ತಾಯಂದಿರಲ್ಲಿಯೂ ಅನೇಕರು ಕಾಲೇಜಿನ ಒಳಗನ್ನು ಕಂಡವರಲ್ಲ. ಮಗಳನ್ನು ದೂರದ ಕಾಲೇಜಿಗೆ ಕಳಿಸಬೇಕೆ ಎಂಬ ಮಾತು ಮನೆಯಲ್ಲಿ ಬಂದಾಗ ಅವರು ಬಾಯಿ ತೆರೆಯದಿರುವುದಕ್ಕೆ ಕಾರಣ ವಿರೋಧವಲ್ಲ. ತಾವು ಕಾಣದ ಸ್ಥಳದ ಬಗ್ಗೆ ಹೇಗೆ ಮಾತನಾಡುವುದೆಂಬ ಹಿಂಜರಿಕೆ. ಆದುದರಿಂದ ಮೂವತ್ತು ಹುಡುಗಿಯರ ತಂಡದಲ್ಲಿ ಆರೇಳು ಮಂದಿ ತಾಯಂದಿರಿಗೆ ಸ್ಥಳವಿರಲಿ. ಅವರು ಶಿಸ್ತು ಕಾಯುವ ಕಾವಲುಗಾರರಾಗಿ ಬರುವುದು ಬೇಡ, ನೋಡುವವರಾಗಿಯೇ ಬರಲಿ. ಪ್ರಯೋಗಶಾಲೆಯಲ್ಲಿ ಬಿಳಿಯ ಅಂಗಿ ತೊಟ್ಟ ಹುಡುಗಿ ಕೆಲಸ ಮಾಡುತ್ತಿರುವುದನ್ನು ತಾಯಿ ಒಮ್ಮೆ ಕಂಡರೆ, ಹಾಸ್ಟೆಲಿನ ಮೇಲ್ವಿಚಾರಕಿಯೊಡನೆ ತಾನೇ ಮಾತನಾಡಿದರೆ, ಫಲಿತಾಂಶದ ಸಂಜೆ ಆಕೆಯ ಮಾತಿಗೆ ಬೇರೆಯೇ ತೂಕ ಬರುತ್ತದೆ. “ನಾನು ನೋಡಿ ಬಂದಿದ್ದೇನೆ, ಅಲ್ಲಿ ಹೆದರುವಂಥದ್ದೇನೂ ಇಲ್ಲ” ಎಂದು ತಾಯಿ ಹೇಳಿದ ಮನೆಯಲ್ಲಿ ಮಗಳ ಪರವಾಗಿ ಬೇರೆ ವಕೀಲರು ಬೇಕಾಗುವುದಿಲ್ಲ.

ಹಿಂದಿರುಗಿದ ಮೇಲೆ

ಪ್ರವಾಸ ಮುಗಿದ ವಾರದೊಳಗೆ ಹುಡುಗಿಯರನ್ನೂ ಪೋಷಕರನ್ನೂ ಸಂಘದ ಸಭಾಂಗಣದಲ್ಲಿ ಸೇರಿಸಬೇಕು. ಭಾಷಣಗಳು ಬೇಡ. ಕಂಡದ್ದನ್ನು ಒಬ್ಬೊಬ್ಬ ಹುಡುಗಿಯೂ ಐದು ನಿಮಿಷ ಹೇಳಲಿ. ಬರೆದುಕೊಂಡ ಉತ್ತರಗಳನ್ನು ಓದಲಿ. ಯಾವ ಕಾಲೇಜು ಬೇಡವೆನಿಸಿತೆಂದು ಹೇಳುವುದಕ್ಕೂ ಆಕೆಗೆ ಸ್ವಾತಂತ್ರ್ಯವಿರಲಿ. ಎಲ್ಲವನ್ನೂ ನೋಡಿ ಬಂದು, “ನನಗೆ ವಾಣಿಜ್ಯವೇ ಇಷ್ಟ” ಎಂದರೆ ಅದಕ್ಕಿಂತ ಸಂತೋಷವಿಲ್ಲ. ಆಗ ಅದು ಅವಳದೇ ಆಯ್ಕೆ. ಆಸಕ್ತಿ ತೋರಿದ ಪ್ರತಿಯೊಬ್ಬಳಿಗೂ ಸಂಘದ ಸದಸ್ಯರಲ್ಲಿ ಓದಿದವರೊಬ್ಬರನ್ನು ಗೊತ್ತುಮಾಡಿಕೊಟ್ಟು, ಹನ್ನೆರಡನೆಯ ತರಗತಿಯವರೆಗೆ ಅರ್ಜಿ, ಪರೀಕ್ಷೆ, ಪ್ರಮಾಣಪತ್ರಗಳ ವಿಷಯದಲ್ಲಿ ನೆರವಾಗುವ ಹೊಣೆಯನ್ನು ಒಪ್ಪಿಸಬೇಕು. ಹೀಗೆ ಬೆನ್ನಿಗೆ ನಿಲ್ಲದಿದ್ದರೆ ಪ್ರವಾಸವು ಒಂದು ದಿನದ ಸಂಭ್ರಮವಾಗಿ ಕಳೆದುಹೋಗುತ್ತದೆ.

ನಾಡಹಬ್ಬ, ರಾಜ್ಯೋತ್ಸವ, ನಾಟಕ, ಸನ್ಮಾನಗಳಿಗೆ ನಮ್ಮ ಸಂಘಗಳು ಹಣವನ್ನೂ ಶ್ರಮವನ್ನೂ ಸಂತೋಷದಿಂದ ವಿನಿಯೋಗಿಸುತ್ತವೆ, ಅವು ಬೇಕು. ಅವುಗಳ ಜೊತೆಗೆ ವರ್ಷಕ್ಕೆ ಎರಡು ದಿನ, ಮೂವತ್ತು ಹುಡುಗಿಯರ ರೈಲಿನ ಟಿಕೇಟು, ಬುತ್ತಿ, ಐದಾರು ಮಂದಿ ಹಿರಿಯರ ಸಮಯ ಇಷ್ಟನ್ನು ಹೊಂದಿಸುವುದು ಯಾವ ಸಂಘಕ್ಕೂ ಹೊರೆಯಾಗದು. ಬರುವ ಜನವರಿಗೆ ಪತ್ರ ಬರೆಯಬೇಕಾದರೆ ನವೆಂಬರಿನಲ್ಲಿಯೇ ಕುಳಿತುಕೊಳ್ಳಬೇಕು. ಇಂದು ಒಂಬತ್ತನೆಯ ತರಗತಿಯಲ್ಲಿರುವ ಹುಡುಗಿಗೆ ಇನ್ನೊಂದು ವರ್ಷ ಕಾಯುವಷ್ಟು ಕಾಲವಿಲ್ಲ.